ಮುಚ್ಚಳದ ಮೇಲೆ ಚಿತ್ರವಿಲ್ಲದ ಪೆಟ್ಟಿಗೆ

ಕಮಲಾಪುರ
ತಾ. ೨೦ ನವೆಂಬರ್ ೧೯೩೪

ನನ್ನ ಮುದ್ದಿನ ಜಯಾ,

ಬೈಯಬೇಡ. ಬೈಯಲೇಬೇಕೆಂದಿದ್ದರೆ ಈ ಪತ್ರ ಪೂರ್ತಿ ಓದಿ ಆಮೇಲೆ ಬೈ. ನಿನ್ನ ಪತ್ರ ದಸರೆಗೆ ಬಂದಿತ್ತು. ದೀಪಾವಳಿ ಮುಗಿದು ಅಂಗಳದ ರಂಗೋಲಿ ಸಹ ಅಳಿಸಿಹೋಯಿತು, ನಾನು ಈಗ ಉತ್ತರಕ್ಕೆ ಕೂತಿದ್ದೇನೆ. ಹೇಗಿದ್ದೀ? ವಾಂತಿ ನಿಂತಿತೇ? ಅಣವೀರಪ್ಪನವರು ನಿನ್ನ ಬಯಕೆಗೆ ಹುಣಸೆಕಾಯಿ ತಂದುಕೊಡುತ್ತಾರೋ, ಇಲ್ಲಾ ಇನ್ನೂ ತೊಗರಿಯ ಧಾರಣೆ ಮಾತಾಡುತ್ತಲೇ ಊಟ ಮುಗಿಸುತ್ತಾರೋ? ಈ ಪತ್ರದ ಜೊತೆ ಕೆಂಪು ಬಾಳೆಯ ಚಿಪ್ಪೊಂದನ್ನು ಕಲಬುರ್ಗಿಯ ಸರ್ವಿಸ್ ಮೋಟರಿನಲ್ಲಿ ಕಳಿಸಿದ್ದೇನೆ. ಹಣ್ಣಾಗುವ ತನಕ ಕಾದಿರು, ನಿನ್ನ ಅವಸರ ನನಗೆ ಗೊತ್ತು.

ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ಆಶ್ಚರ್ಯಪಡಬೇಡ. ಹೈದರಾಬಾದಿನ ಬೋರ್ಡಿಂಗಿನಲ್ಲಿ ನಾವಿಬ್ಬರೂ ಕಂಬಳಿಯೊಳಗೆ ಮುಖ ಹುದುಗಿಸಿ ಇಂಗ್ಲಿಷಿನಲ್ಲೇ ಪಿಸುಗುಡುತ್ತಿದ್ದವರು. ಆದರೆ ಇನ್ನು ಮೇಲೆ ನನ್ನ ಮನಸ್ಸಿನ ಮಾತನ್ನು ಆ ಭಾಷೆಯಲ್ಲಿ ಬರೆಯುವುದಿಲ್ಲ. ಯಾಕೆಂದು ಹೇಳುತ್ತೇನೆ, ತಾಳು.

ನನ್ನ ಮದುವೆಯಲ್ಲಿ ನೀನೇ ನೋಡಿದೆಯಲ್ಲ, ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದಾಗ ನಾನು ನಕ್ಕುಬಿಟ್ಟೆ. ಅನಸೂಯಾ ಎಂಬವಳು ಒಂದು ಹಿಡಿ ಅಕ್ಕಿಯಲ್ಲಿ ಜಾನಕಿಯಾದಳೆಂದರೆ ನಗು ಬಾರದೆ ಇನ್ನೇನು? ಇಲ್ಲಿ ಬಂದ ಮೇಲೂ ಹಾಗೇ ಆಯಿತು. ಬಾವಿಯಲ್ಲಿ ಆಮೆ ಕಂಡರೆ ನಗು, ಇವರು ಪೇಟಾ ಸುತ್ತಿಕೊಳ್ಳುವಾಗ ನಗು. ಇವರೂ ಆಗ ನಗುತ್ತಿದ್ದರು ಜಯಾ, ಅದನ್ನು ನಾನು ಮರೆತಿಲ್ಲ. ಆ ಹತ್ತಾರು ದಿನ ನನ್ನ ಕಾಲು ನೆಲಕ್ಕೆ ತಾಗಲೇ ಇಲ್ಲ. ಆಮೇಲೆ ರಜೆ ಮುಗಿಯಿತು. ಇವರು ಕಲಬುರ್ಗಿಗೆ, ತಮ್ಮ ಹಿರಿಯ ವಕೀಲರ ಕಚೇರಿಗೆ ಹೊರಟುನಿಂತರು. ದೀಪಾವಳಿಯಾದ ಮೇಲೆ ಅಲ್ಲೊಂದು ಮನೆ ಮಾಡಿ ಕರೆದೊಯ್ಯುತ್ತೇನೆ, ಅಲ್ಲಿಯ ತನಕ ಅವ್ವನ ಹತ್ತಿರ ಇರು ಎಂದರು. ನಾನು ಅಂದಿನಿಂದಲೇ ಮನಸ್ಸಿನಲ್ಲಿ ಆ ಮನೆಗೆ ಪರದೆ ಹೊಲಿಯತೊಡಗಿದೆ. ಸಂಜೆ ನಿನ್ನ ಮನೆಗೆ ಬರುವುದು, ನೀನು ನನ್ನ ಮನೆಗೆ ಬರುವುದು, ಎಲ್ಲ ಲೆಕ್ಕ ಹಾಕಿಟ್ಟಿದ್ದೆ.

ಈ ಮನೆಯಲ್ಲಿ ಹಿರಿಯರೆಂದರೆ ಇವರ ಕಾಕಾ ಹಣಮಂತರಾಯರು. ಅತ್ತೆಯವರು ಪುತಳಾಬಾಯಿ, ಗಂಡ ತೀರಿಕೊಂಡ ಮೇಲೆ ಕೇಶ ತೆಗೆಸಿ ಕೆಂಪು ಸೀರೆ ಉಟ್ಟವರು. ದಿನದ ಮುಕ್ಕಾಲು ಭಾಗ ಮಡಿಯಲ್ಲಿರುತ್ತಾರೆ, ನನ್ನ ನೆರಳೂ ತಾಗಬಾರದು. ಮಾತಾಡುವವರು ಯಾರು? ಇವರು ಮೊದಲು ಪ್ರತಿ ಶನಿವಾರ ಬರುತ್ತಿದ್ದರು, ಆಮೇಲೆ ಒಂದು ಶನಿವಾರ ಬಿಟ್ಟು ಒಂದು, ಆಮೇಲೆ ಕೆಲಸದಿಂದ ಬಿಡುವಾದಾಗ. ನನಗೆ ನಿದ್ದೆ ಹೋಯಿತು. ನಗುತ್ತ ನಗುತ್ತ ಅಳುವುದು ಶುರುವಾಯಿತು. ಕೈ ಅದುರಿ ತುಂಬಿದ ಕೊಡ ಬಾವಿಕಟ್ಟೆಯ ಮೇಲೆ ಬಿತ್ತು. ಕಾಕಾ ಪಡಸಾಲೆಯಲ್ಲಿ ಕೂತು, “ಸೊಸಿ ನಗೋದು ಓಣಿ ತನಕ ಕೇಳಸ್ತದ, ಅಳೋದು ಊರ ಅಗಸಿ ಬಾಗಲ ತನಕ ಕೇಳಸ್ತದ,” ಎಂದು ಯಾರಿಗೋ ಹೇಳುತ್ತಿದ್ದರು. ಇವರಿಗೆ ಪತ್ರ ಹೋಯಿತು. ಇವರು ಪರಿಚಯದ ಡಾಕ್ಟರೊಬ್ಬರನ್ನು ಕೇಳಿದರಂತೆ. ಆ ಡಾಕ್ಟರು, ಔಷಧ ಬೇಡ, ಕೈಗೂ ಕಣ್ಣಿಗೂ ಕೆಲಸ ಕೊಡಿ ಎಂದರಂತೆ. ಹಾಗೆ ಶ್ರಾವಣದಲ್ಲಿ ನಿಮ್ಮೂರಿನ ನಬಿಸಾಬನ ವಿಲಾಯತಿ ಸಾಮಾನಿನ ಅಂಗಡಿಯಿಂದ ಮೊದಲನೆಯ ಪೆಟ್ಟಿಗೆ ಬಂತು.

ಜಿಗ್‌ಸಾ ಪಜಲ್! ನೆನಪಿದೆಯೇ, ಬೋರ್ಡಿಂಗಿನಲ್ಲಿ ಜ್ವರ ಬಂದವರಿಗೆ ಮಾತ್ರ ನಮ್ಮ ಮಿಸ್ಸಮ್ಮ ಬೀರುವಿನಿಂದ ತೆಗೆದುಕೊಡುತ್ತಿದ್ದರಲ್ಲ? ನೀನು ಅದಕ್ಕಾಗಿ ಹಣೆಗೆ ಬಿಸಿ ಲೋಟ ಒತ್ತಿಕೊಂಡು ಜ್ವರ ತರಿಸಿಕೊಂಡವಳು. ಇದೂ ಅಂಥದೇ. ನೀಲಿ ಮುಚ್ಚಳ, ಒಳಗೆ ತೆಳು ಹಲಗೆಯ ಚೂರುಗಳು. ಮುಚ್ಚಳದ ಮೇಲೆ ಚಿತ್ರವಿಲ್ಲ, ಬರೀ ಒಂದು ಹೆಸರು: ‘ಬಂದರು’. ಏನಾಗುತ್ತದೆಂಬುದು ಕೂಡಿಸಿದ ಮೇಲೆಯೇ ಗೊತ್ತಾಗಬೇಕು.

ನಾನು ಹೊರಗೆ ಕೂತ ದಿನಗಳಲ್ಲಿ ಅದನ್ನು ಹಿತ್ತಲ ಕಟ್ಟೆಯ ಮೇಲೆ ಹರವಿಕೊಂಡೆ. ಆ ದಿನಗಳಲ್ಲಿ ಯಾವ ಕೆಲಸವೂ ಇಲ್ಲ, ಯಾರೂ ಹತ್ತಿರ ಬರುವುದಿಲ್ಲ. ಹಿಂದೆಲ್ಲ ಗೋಡೆಯ ಕಲ್ಲು ಎಣಿಸುತ್ತ ಕೂರುತ್ತಿದ್ದೆ. ಮೊದಲು ಅಂಚು ನೇರವಾಗಿರುವ ಚೂರುಗಳನ್ನು ಆರಿಸಿದೆ. ಆಮೇಲೆ ಆಕಾಶ. ಜಯಾ, ನಾನು ಸುಳ್ಳು ಹೇಳುತ್ತಿಲ್ಲ, ಆ ಆಕಾಶ ನನ್ನನ್ನು ಬದುಕಿಸಿತು. ಒಂದು ನೀಲಿಗೂ ಇನ್ನೊಂದು ನೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಹುಡುಕುವಾಗ ಎದೆಯೊಳಗೆ ಜಗಳವಾಡುತ್ತಿದ್ದ ಮಾತುಗಳೆಲ್ಲ ಒಂದೊಂದಾಗಿ ಎದ್ದುಹೋದವು. ಚೂರು ತನ್ನ ಜಾಗದಲ್ಲಿ ಕೂತಾಗ ಬೆರಳಿಗೆ ಗೊತ್ತಾಗುತ್ತದೆ, ಮಗುವಿನ ಕೈಯನ್ನು ಅಂಗಿಯ ತೋಳಿನಲ್ಲಿ ತೂರಿಸಿದ ಹಾಗೆ. ಉಸಿರು ತಾನಾಗಿ ನಿಧಾನವಾಯಿತು, ಕೈ ಅದುರುವುದು ನಿಂತಿತು. ರಾತ್ರಿ ನಿದ್ದೆ ಬಂತು.

ಅತ್ತೆಯವರು ಮಾರುದೂರದಲ್ಲಿ ನಿಂತು ನೋಡಿದರು. “ಇದ್ದ ಚಿತ್ರಾ ಕಡದಾರ್ಯಾಕ? ಮತ್ತ ಕೂಡಸೋದಿತ್ತು ಅಂದ್ರ ಕಡಿಯೋದ್ಯಾಕ?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಾವು ಮಿಸ್ಸಮ್ಮನಿಗೆ ಕೇಳಬೇಕಿತ್ತು! ಮರುದಿನ ಬೀಸಣಿಗೆ ತಂದುಕೊಂಡು ಅದೇ ದೂರದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಬೀಸಣಿಗೆಯ ಕೋಲು ಚಾಚಿ, “ಆ ಹಡಗದ ಮೂಗು ಅಲ್ಲೇ ನಿನ್ನ ಮೊಳಕಾಲ ಕೆಳಗ ಬಿದ್ದದ ನೋಡು,” ಎಂದರು. ಹಡಗು ಎಂಬುದನ್ನು ಕಣ್ಣಾರೆ ಕಾಣದವರು! ಆಮೇಲೆ ಪ್ರತಿ ಸಲ ಅವರ ಬೀಸಣಿಗೆ ನನ್ನ ಜೊತೆ ಆಡುತ್ತಿತ್ತು.

ಈಗ ಇಂಗ್ಲಿಷಿನ ಕಥೆ. ಉಡುಗೊರೆ ಬಂದರೆ ಅದೇ ದಿನ ಧನ್ಯವಾದದ ಪತ್ರ ಬರೆಯಬೇಕು, ಉಡುಗೊರೆಯನ್ನು ಬಾಯಿತುಂಬ ಹೊಗಳಬೇಕು, ಅದರಲ್ಲಿ ಬೇರೇನನ್ನೂ ಕೇಳಬಾರದು ಎಂದು ಮಿಸ್ಸಮ್ಮ ನಮ್ಮಿಂದ ಬರೆಯಿಸಿ ಬರೆಯಿಸಿ ಕಲಿಸಿದ್ದರಲ್ಲ? ಗಂಡನಿಗೆ ಧನ್ಯವಾದ ಹೇಳುವ ಪದ್ಧತಿ ಈ ಮನೆಯಲ್ಲಿ ಯಾರಿಗಿದೆ? ನನಗಿತ್ತು. ಇಂಗ್ಲಿಷಿನಲ್ಲೇ ಬರೆದೆ. ನಿಮ್ಮ ಪೆಟ್ಟಿಗೆಯಿಂದ ನನ್ನ ಮನಸ್ಸು ಕೆರೆಯ ನೀರಿನಂತೆ ತಿಳಿಯಾಗಿದೆ, ಕಮಲಾಪುರ ಈಗ ನನಗೆ ಸ್ವರ್ಗ, ನನಗಿನ್ನೇನೂ ಬೇಡ. ನನ್ನ ಶೈಲಿ ನಿನಗೆ ಗೊತ್ತಲ್ಲ, ಒಂದು ಮಾತು ಸಾಕಾದಲ್ಲಿ ನಾಲ್ಕು ಸುರಿದೆ. ಕಲಬುರ್ಗಿಯ ಮನೆಯ ಸುದ್ದಿ ಎತ್ತಲಿಲ್ಲ. ಉಡುಗೊರೆಯ ಪತ್ರದಲ್ಲಿ ಕೇಳಬಾರದಲ್ಲ!

ದಸರೆಗೆ ಇವರು ಎರಡನೆಯ ಪೆಟ್ಟಿಗೆ ತಂದರು, ಹಸಿರು ಮುಚ್ಚಳದ್ದು. ಹೆಸರು ‘ಮನೆಯ ದಾರಿ’. ನನಗೆ ರೆಕ್ಕೆ ಬಂದವು. ಬಾಯಲ್ಲಿ ಹೇಳಲಾರದೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅಂಚು ಕೂಡಿಸುವಾಗಲೇ ಒಳಗೊಂದು ಹೆಂಚಿನ ಮನೆ, ಬಾಗಿಲಲ್ಲಿ ದೀಪ, ದಾರಿಯಲ್ಲಿ ಇಬ್ಬರು ಎಂದು ಕಲ್ಪಿಸಿಬಿಟ್ಟೆ. ಪೂರ್ತಿಯಾದಾಗ ನೋಡಿದರೆ ಕುರಿಗಳು, ಜಯಾ. ಸಂಜೆ ಹೊತ್ತಿಗೆ ದೊಡ್ಡಿಯೊಳಗೆ ಹೋಗುತ್ತಿರುವ ಕುರಿಹಿಂಡು. ಅವತ್ತು ಸಹ ನಾನು ನಕ್ಕೆ. ನಕ್ಕು, ಅದಕ್ಕೂ ಧನ್ಯವಾದ ಬರೆದೆ.

ದೀಪಾವಳಿಯ ಹೊತ್ತಿಗೆ ನಾನು ಟ್ರಂಕು ತುಂಬಿಟ್ಟಿದ್ದೆ. ಪಾಡ್ಯದ ದಿನ ಊಟವಾದ ಮೇಲೆ ಗಂಡಸರು ಪಡಸಾಲೆಯಲ್ಲಿ ಎಲೆ ಹಾಕಿಕೊಳ್ಳುತ್ತ ಕೂತಿದ್ದರು, ನಾನು ಬಾಗಿಲ ಹಿಂದೆ ನಿಂತಿದ್ದೆ. ಕಾಕಾ ತಾವಾಗಿಯೇ ಮಾತು ತೆಗೆದರು, ಸೊಸೆಯನ್ನು ಯಾವಾಗ ಕರೆದೊಯ್ಯುತ್ತೀ ಎಂದು ಕೇಳಿದರು. ಬಳೆ ಸದ್ದಾಗದಂತೆ ಕೈಗೆ ಸೆರಗು ಸುತ್ತಿಕೊಂಡೆ. ಇವರು ಕೋಟಿನ ಜೇಬಿನಿಂದ ನನ್ನ ಪತ್ರಗಳನ್ನು ತೆಗೆದು, ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿ ಎಲ್ಲರೆದುರು ಓದಿದರು. ಕಚೇರಿಯಲ್ಲಿ ಸಾಕ್ಷಿಯ ಹೇಳಿಕೆ ಓದುವ ಹಾಗೆ, ತಡವರಿಸದೆ.

“ನೋಡ್ರಿ ಕಾಕಾ, ಇಲ್ಲೇ ಸ್ವರ್ಗ ಅದ, ಇನ್ನೇನೂ ಬ್ಯಾಡ ಅಂತ ಅಕಿನೇ ಬರದಾಳ. ಮನಸ್ಸಿಗಿ ಹಿಂಗ ಶಾಂತಿ ಸಿಕ್ಕಿದ ಜಾಗ ಬಿಡಸಿ ಊರಿಗಿ ಯಾಕ ಒಯ್ಯೋದು?”

ಕಾಕಾ ತಲೆದೂಗಿದರು. ಈಗಂತೂ ಸೊಸೆ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ, ಅಷ್ಟು ತಣ್ಣಗಾಗಿದ್ದಾಳೆ ಎಂದು ಹೊಗಳಿದರು. ಹೊಗಳಿದರು, ಜಯಾ.

ಇವರು ಒಳಗೆ ಬಂದಾಗ ನಾನು, ಅದು ಬರೀ ಧನ್ಯವಾದದ ಪತ್ರ, ಹಾಗೆ ಬರೆಯುವುದು ರೂಢಿ ಎಂದೆ.

“ಹಂಗಾದ್ರ ಸುಳ್ಳು ಬರದಿದ್ದಿ?”

“ಸುಳ್ಳಲ್ಲರೀ. ಪೂರಾ ಬರದಿಲ್ಲ.”

ಇವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮಗುವನ್ನು ಸಮಾಧಾನಿಸುವವರ ಹಾಗೆ ಬೆನ್ನು ಸವರಿ, ಚೀಲದಿಂದ ಇನ್ನೊಂದು ಪೆಟ್ಟಿಗೆ ತೆಗೆದು ನನ್ನ ಟ್ರಂಕಿನ ಮೇಲಿಟ್ಟರು. ಕೆಂಪು ಮುಚ್ಚಳ. ಮರುದಿನ ಮೋಟರಿಗೆ ಹೊರಟುಹೋದರು.

ಆ ಪೆಟ್ಟಿಗೆಯನ್ನು ನಾನು ತೆರೆಯಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಅತ್ತೆಯವರು ಹತ್ತಿಯ ಬುಟ್ಟಿ ಹಿಡಿದುಕೊಂಡು ಬಂದು ಕೂತರು, ಈ ಸಲ ಹತ್ತಿರವೇ. ಕಾರ್ತಿಕಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರ ಬೆರಳುಗಳು ನೋಡದೆಯೇ ಹೊಸೆಯುತ್ತವೆ. ನಾನು ಕೇಳದೆಯೇ ತಮ್ಮ ಕಥೆ ಹೇಳಿದರು. ಮಾವನವರು ಕಲಬುರ್ಗಿಯ ತಹಶೀಲಿನಲ್ಲಿ ಗುಮಾಸ್ತರಾಗಿದ್ದಾಗ ಅತ್ತೆಯವರೂ ಇದೇ ಕಟ್ಟೆಯ ಮೇಲೆ ಕೂತು ಕಾದವರಂತೆ. ಅತ್ತು ಅತ್ತು ಊಟ ಬಿಟ್ಟಾಗ ಅವರ ಮಾವ, ಲಕ್ಷ ಬತ್ತಿಯ ಹರಕೆ ಹೊರು, ಮನಸ್ಸು ನಿಲ್ಲುತ್ತದೆ ಎಂದು ಒಂದು ಗಂಟು ಹತ್ತಿ ತರಿಸಿಕೊಟ್ಟರಂತೆ. ಗಂಡ ಕರೆದೊಯ್ಯಲಿ ಎಂದು ಸಂಕಲ್ಪ ಮಾಡಿ ಹೊಸೆದರು. ಮನಸ್ಸು ನಿಂತದ್ದು ನಿಜವಂತೆ, ಬೆರಳು ಓಡುವಾಗ ಅಳು ಬರುವುದಿಲ್ಲವಂತೆ. ಲಕ್ಷವಾದ ಮೇಲೆ ಒಂದೇ ಸಂಜೆ ಎಲ್ಲ ಉರಿಸಿದರು. ಮಾವನವರು ಅದಕ್ಕೆಂದು ಬಂದರು, ಊಟ ಮಾಡಿದರು, ಒಬ್ಬರೇ ಹೋದರು. ಅತ್ತೆಯವರು ಮತ್ತೆ ಹತ್ತಿ ತರಿಸಿಕೊಂಡರು.

“ಊರಾಗ ಮನಿ ಮಾಡಿದ್ರವಾ,” ಎಂದರು. “ನನಗಂತ ಮಾಡಿದ್ದಿಲ್ಲ.”

ಆಮೇಲೆ ಕೆಂಪು ಪೆಟ್ಟಿಗೆಯ ಮೇಲೆ ಕೈಯಿಟ್ಟರು, ಮಡಿಯಲ್ಲಿದ್ದವರು, ನೇರವಾಗಿ ಕೈಯಿಟ್ಟರು. “ನನಗ ಹತ್ತಿ ಕೊಟ್ಟಿದ್ರು. ನಿನಗ ಕಟ್ಟಿಗಿ ಕೊಟ್ಟಾನ. ವಿಠ್ಠಲ ನನ್ನ ಮಗಾ, ಆದ್ರೂ ಹೇಳ್ತೀನಿ. ಇದಕ್ಕ ಚೀಟಿ ಬರೀಬ್ಯಾಡ.”

ಬರೆಯಲಿಲ್ಲ. ಮೊದಲ ಸಲ ಮಿಸ್ಸಮ್ಮನ ಮಾತು ಮೀರಿದ್ದೇನೆ. ಆದರೆ ನಿನ್ನಿಂದ ಮುಚ್ಚಿಡಲಾರೆ, ಪೆಟ್ಟಿಗೆಯನ್ನು ತೆರೆದಿದ್ದೇನೆ. ತೆರೆಯದಿದ್ದರೆ ಕೈ ಮತ್ತೆ ಅದುರುತ್ತದೆ. ಇದೇ ನನಗೆ ಎಲ್ಲಕ್ಕಿಂತ ಕಹಿ. ನನ್ನನ್ನು ಇಲ್ಲಿ ಕಟ್ಟಿಹಾಕಿದ ವಸ್ತುವೇ ನನಗೆ ನಿಜವಾಗಿಯೂ ಹಿತವಾಗಿದೆ, ಅದನ್ನು ಬೈಯಲೂ ಆಗುತ್ತಿಲ್ಲ. ಇದನ್ನು ಬರೆಯುವಾಗ ಅತ್ತೆಯವರು ಪಕ್ಕದಲ್ಲಿ ಕೂತು ಅಂಚಿನ ಚೂರು ಆರಿಸುತ್ತಿದ್ದಾರೆ, ಬೀಸಣಿಗೆಯಿಂದಲ್ಲ, ಕೈಯಿಂದ. ಆಮೇಲೆ ಸ್ನಾನ ಮಾಡುತ್ತಾರಂತೆ. ಒಂದು ಸಲ ತಲೆಯೆತ್ತಿ, “ಯಾಕವಾ, ಈಗೀಗ ನಗೋದೇ ಬಿಟ್ಟಿ?” ಎಂದು ಕೇಳಿದರು. ನಗಲು ನೋಡಿದೆ. ಬರಲಿಲ್ಲ.

ನಿನ್ನ ಮೈ ಹಗುರಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸು ನಿನ್ನ ಹಾಗೆ ಹಟಮಾರಿಯಾಗಲಿ, ಗಂಟಲು ಬಿಟ್ಟು ಅಳಲಿ, ಗಂಟಲು ಬಿಟ್ಟು ನಗಲಿ, ಯಾರೂ ಅದನ್ನು ಸುಮ್ಮನಾಗಿಸದಿರಲಿ. ಅಣವೀರಪ್ಪನವರಿಗೆ ನನ್ನ ನಮಸ್ಕಾರ ಹೇಳು.

ಎಂದೆಂದಿಗೂ ನಿನ್ನ,
ಅನಸೂಯಾ
(ನೀನಾದರೂ ಈ ಹೆಸರಿನಿಂದಲೇ ಕರೆ)

ತಾ.ಕ.: ಉತ್ತರ ತಡವಾದದ್ದಕ್ಕೆ ಕಾರಣ ಹೇಳಲೇ ಇಲ್ಲ. ದಸರೆಯ ಪತ್ರದಲ್ಲಿ ನೀನು ತಮಾಷೆಗೆ ಬರೆದಿದ್ದೆಯಲ್ಲ, ನಬಿಸಾಬನ ಅಂಗಡಿಯಲ್ಲಿ ಇವರನ್ನು ನೋಡಿದೆ, ಹಸಿರು ಮುಚ್ಚಳದ ಒಂದೇ ತರಹದ ಎರಡು ಪೆಟ್ಟಿಗೆ ಕಟ್ಟಿಸಿಕೊಳ್ಳುತ್ತಿದ್ದರು, ಒಬ್ಬ ಹೆಂಡತಿಗೆ ಎರಡೆರಡೇ, ಪುಣ್ಯವಂತೆ ನೀನು ಎಂದು? ನನಗೆ ಬಂದದ್ದು ಒಂದು. ಇನ್ನೊಂದನ್ನು ದೀಪಾವಳಿಗೆಂದು ಎತ್ತಿಟ್ಟಿದ್ದಾರೆ ಎಂದು ಕಾದೆ. ದೀಪಾವಳಿಗೆ ಬಂದದ್ದು ಕೆಂಪು ಮುಚ್ಚಳದ್ದು. ಆ ಇನ್ನೊಂದು ಯಾವ ಓಣಿಯಲ್ಲಿದೆ, ಯಾರ ಮನೆಯಲ್ಲಿದೆ ಎಂದು ಹುಡುಕಬೇಡ, ಗೊತ್ತಿದ್ದರೂ ಬರೆಯಬೇಡ. ನಿನಗೆ ಆ ಬಾಗಿಲ ಮುಂದೆ ಹಾದುಹೋಗುವ ಪ್ರಸಂಗ ಬಂದರೆ ಒಂದೇ ಒಂದು ಮಾತು ತಿಳಿಸು. ಅವಳು ನಗುವುದು ಓಣಿಗೆ ಕೇಳಿಸುತ್ತದೆಯೇ? ಇವರು ಅವಳನ್ನು ನಗಲು ಬಿಟ್ಟಿದ್ದಾರೆಯೇ?