ಅಜ್ಜಿಯ ಸ್ಕೀ ಏರಿನಲ್ಲಿ ಜಾರಿದ್ದು

ಫೆಬ್ರವರಿ ೧೬, ಲಿಲ್ಲೆಹಾಮರ್, ನಾರ್ವೆ

ಮತ್ತೆ ಗೋಳು ಬರೆಯುತ್ತಿದ್ದೇನೆ, ಕ್ಷಮಿಸು ದಿನಚರಿಯೇ. ಅಜ್ಜಿಯ ಹೊಸ ಸ್ಕೀಗೆ ಬೂಟು ಹಿಡಿಯುವ ಬೈಂಡಿಂಗ್ ಕೂರಿಸಿದವನು ನಾನೇ. ಸ್ಕೀಯನ್ನು ಬೆರಳ ಮೇಲೆ ತೂಗಿ, ಅದು ಸಮನಾಗಿ ನಿಲ್ಲುವಲ್ಲಿ ಬೂಟಿನ ತುದಿ ಬರಬೇಕೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಬೆಳೆದ ನಾನು ಕಾಲೇಜು ಸೇರಿದ ಜಾಣತನ ತೋರಿಸಲು ಹೋಗಿ, ಚೆನ್ನಾಗಿ ಜಾರಲೆಂದು ಬೆರಳಗಲ ಹಿಂದಕ್ಕೆ ಸರಿಸಿದೆ.

ಇವತ್ತು ಏರಿನಲ್ಲಿ ಮೈಭಾರ ಹಿಂದಕ್ಕೆ ಬಿದ್ದು ಸ್ಕೀ ಹಿಮವನ್ನು ಕಚ್ಚಲೇ ಇಲ್ಲ. ಅಜ್ಜಿ ಹಿಂದಕ್ಕೆ ಜಾರಿ ಕುಳಿತಳು.

"ನಗಬೇಡ್ವೋ, ಅರ್ಧ ಇಂಗ್ಲಿಷಿನವ್ನೇ! ಸ್ಕೀ ಚೆನ್ನಾಗೇ ಇದೆ, ನನ್ನ ಕಾಲಿಗೇ ವಯಸ್ಸಾಯ್ತು. ನಾಳೆ ಪಕ್ಕದ್ಮನೆ ಸಿಗ್ನೆಗೆ ಕೊಟ್ಬಿಡ್ತೀನಿ."

ನಾನು ನಕ್ಕೆ. ನಿಜ ಹೇಳಲಿಲ್ಲ. ಅವಳು ಸ್ಕೀ ಹೆಗಲಿಗೇರಿಸಿ ನಡೆದೇ ಮನೆಗೆ ಬಂದಳು.

ಎದುರಿಗೆ ಹೇಳಲು ನಾಚಿ, ಈಗ ನನ್ನ ಕೋಣೆಯಿಂದಲೇ ಮೆಸೇಜು ಕಳಿಸಿದೆ: "ಅಜ್ಜೀ, ತಪ್ಪು ನಿನ್ನ ಕಾಲಿಂದಲ್ಲ, ನಂದು. ಬೈಂಡಿಂಗ್ ಮುಂದಕ್ಕೆ ಕೂರಿಸ್ಕೊಡ್ತೀನಿ. ಸ್ಕೀ ಯಾರಿಗೂ ಕೊಡ್ಬೇಡ. ಬೇಗ ಉತ್ತರ ಕೊಡು."