ಮಂಕರಿಯ ಕೆಳಗಿನ ಹೆಜ್ಜೆ

ಸಹನಾ,

ಏಳು ಗಂಟೆ ಬಸ್ಸಿಗೆ ಕೋಲಾರಕ್ಕೆ ಹೊರಟಿದ್ದೇನೆ. ರೇಷ್ಮೆ ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ ಆಯಿತು.

ತೋಟದಲ್ಲಿ ಓಡಿಸುವ ಆ ನಾಲ್ಕು ಚಕ್ರದ ಎಟಿವಿ ಗಾಡಿಯ ಹೊಸ ಹಿಂದಿನ ಟೈರುಗಳಿಗೆ ಯಾರೂ ಇನ್ನಷ್ಟು ಗಾಳಿ ತುಂಬದಂತೆ ನೋಡಿಕೊ. ಗೋಪಿ ಬಂದರೂ ಬಿಡಬೇಡ. ನನ್ನ ಮಗ ತಾನೇ, ಕೈ ಸುಮ್ಮನಿರುವುದಿಲ್ಲ.

ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, "ಇವು ಬಲೂನ್ ಇದ್ದಂಗವೆ, ನಮ್ಗೆ ಉದ್ದ ಹಲ್ಲಿರೋ ಟೈರೇ ಬೇಕು" ಅಂದವನು ನಾನು. "ಹಲ್ಲು ಬೇರು ಕೀಳ್ತದೆ ಮಾವ" ಎಂದಷ್ಟೇ ಹೇಳಿ, ನೀನು ಇವನ್ನೇ ಹಾಕಿಸಿದೆ.

ನಿನ್ನೆ ನೀನು ಹಿಪ್ಪುನೇರಳೆ ಸಾಲಿನಲ್ಲಿ ಸೊಪ್ಪು ತುಂಬಿಕೊಂಡು ಬರುವಾಗ, ಟೈರು ಮೆತ್ತಗೆ ಕಂಡಿತೆಂದು ನಾನು ಪಂಪು ಹಿಡಿದು ಹಿಂದೆಯೇ ಬಂದೆ. ನೀರು ಬಿಟ್ಟಿದ್ದ ನೆಲ. ನನ್ನ ಬರಿಗಾಲು ಬೆರಳೆಲ್ಲ ಮುಳುಗುವಷ್ಟು ಇಳಿಯುತ್ತಿತ್ತು. ಪಕ್ಕದಲ್ಲಿ ನಿನ್ನ ಗಾಡಿಯ ಹಿಂದಿನ ಚಕ್ರದ ಜಾಡು ನೋಡಿದರೆ, ಚಾಪೆ ಹಾಸಿ ಎತ್ತಿದಷ್ಟೇ ಗುರುತು. ಗಾಡಿ, ನೀನು, ಆರು ಹೊರೆ ಸೊಪ್ಪು, ಇಷ್ಟಕ್ಕೂ ಅಷ್ಟೇ. ಮೆತ್ತಗಿರುವುದಕ್ಕೇ ಆ ಟೈರು ಅಗಲವಾಗಿ ಕೂತು, ಭಾರವನ್ನೆಲ್ಲ ಹರಡಿಬಿಟ್ಟಿತ್ತು. ಒಂದು ಬೇರೂ ಮೇಲೆದ್ದಿರಲಿಲ್ಲ. ಅಲ್ಲೇ ನಿಂತುಬಿಟ್ಟೆ. ಅರವತ್ತು ವರ್ಷದಿಂದ ಈ ಮಣ್ಣು ತುಳಿಯುತ್ತಿದ್ದೇನೆ, ನನ್ನ ಕಾಲು ಇಷ್ಟು ಭಾರ ಎಂದು ಗೊತ್ತೇ ಇರಲಿಲ್ಲ.

ಪಂಪನ್ನು ಅಟ್ಟಕ್ಕೆ ಹಾಕಿದ್ದೇನೆ.

ಮುಂದಿನ ಎರಡು ಚಕ್ರಕ್ಕೂ ಅಂಥವನ್ನೇ ತರುತ್ತೇನೆ. ನೀನು ಬರೆದಿಟ್ಟ ಅಳತೆ ಜೇಬಿನಲ್ಲಿದೆ. ಅಂಗಡಿಯಲ್ಲಿ ಅದನ್ನು ಕೊಟ್ಟು ಸುಮ್ಮನೆ ನಿಲ್ಲುತ್ತೇನೆ.

ಮೂರನೇ ಸಾಲಿನ ಕೊನೆಯಲ್ಲಿ ಸೊಪ್ಪು ತುಂಬುವ ಮಂಕರಿಯನ್ನು ಬೋರಲು ಹಾಕಿ, ಕೋಳಿ ಕೆದಕದಂತೆ ಮೇಲೆ ಕಲ್ಲಿಟ್ಟಿದ್ದೇನೆ. ಕೆಳಗೆ ನನ್ನ ಹೆಜ್ಜೆಯೂ ನಿನ್ನ ಜಾಡೂ ಅಕ್ಕಪಕ್ಕ ಇವೆ. ತೋಟಕ್ಕೆ ನೀರು ಬಿಡುವ ಮುಂಚೆ ಒಂದು ಸಲ ಎತ್ತಿ ನೋಡಮ್ಮ.

ಮಾವ