ಸಹಿ ಹಾಕದ ಕಾಗದ

ಸ್ಯಾನ್ ಆಂಟೋನಿಯೊ
ಅಕ್ಟೋಬರ್ 14, ಸೋಮವಾರ

ಮುದ್ದು ನೊಯೆಮಿ,

ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಮೂರು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ನಿನಗೆ ಸಿಟ್ಟು ಬಂದಿರಬೇಕು. ಫೋನಿನಲ್ಲಾದರೆ ನೀನು "ಅಮ್ಮಾ, ಒಂದ್ನಿಮಿಷ, ಮೀಟಿಂಗಿದೆ" ಅನ್ನುತ್ತೀಯ, ನಾನು "ಆಯ್ತು ಬಿಡು" ಅನ್ನುತ್ತೇನೆ. ಈ ಸಲ ಹಾಗನ್ನಲು ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಚಿತ್ರೀಕರಿಸಿದ್ದನ್ನು ತೋರಿಸಲು ನಿಮ್ಮ ಟೀವಿಯವರು ಕೇಳಿದ ಒಪ್ಪಿಗೆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲವೆಂಬ ಸುದ್ದಿ ನೀನಿರುವ ಲಾಸ್ ಏಂಜಲೀಸಿಗೆ ಆಗಲೇ ತಲುಪಿದೆ. ಯಾಕೆಂಬುದನ್ನು ನಿಮ್ಮ ತಂಡದ ಬ್ರೆಂಟ್ ತನಗೆ ತೋಚಿದಂತೆ ಹೇಳಿರುತ್ತಾನೆ. ನಡೆದದ್ದನ್ನು ನನ್ನಿಂದಲೂ ಕೇಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಕ್ಯಾಮೆರಾದ ಹುಡುಗಿಯ ಜೊತೆ ಬಂದ. ನಾನು ಗ್ಯಾರೇಜಿನಲ್ಲಿದ್ದೆ. ಶನಿವಾರವೇ ಶಾಲಾ ಬ್ಯಾಂಡುಗಳ ಸ್ಪರ್ಧೆ. ರಿಪೇರಿಗೆ ಬಂದ ಊದುವ ವಾದ್ಯಗಳು, ಎರಡು ಟ್ಯೂಬಾ, ಐದು ಕ್ಲಾರಿನೆಟ್, ಒಂದು ಟ್ರಂಬೋನು ಮೇಜಿನ ಮೇಲಿದ್ದವು. ಬ್ರೆಂಟ್ ಮೇಜು ನೋಡಿ, "ಇವನ್ನೆಲ್ಲ ಬಟ್ಟೆ ಮುಚ್ಚಿಡೋಣ್ವಾ ಮೇಡಂ? ನೋಡೋರಿಗೆ ಗೊಂದಲ ಆಗುತ್ತೆ" ಅಂದ. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಅವನಿಗೆ ಗೊಂದಲ. ನಿನಗೋಸ್ಕರ ಬಟ್ಟೆ ಮುಚ್ಚಿದೆ.

ಆಮೇಲೆ ಅಡುಗೆಮನೆಗೆ ಹೋಗಿ ನಾನು ಜೋಳದ ಹಿಟ್ಟು ನಾದಬೇಕಂತೆ. ಹೆಗಲಿಗೆ ಹೊದೆಯಲು ಬಣ್ಣದ ಶಾಲನ್ನೂ ತಂದಿದ್ದ. ನಮ್ಮನೆಯಲ್ಲಿ ಅಡುಗೆ ಯಾರದೆಂದು ನಿನಗೆ ಗೊತ್ತಿಲ್ಲವೇ? ಅಪ್ಪ ಏಪ್ರನ್ ಕಟ್ಟಿಕೊಂಡು ಬೀನ್ಸ್ ಬೇಯಿಸುತ್ತಿದ್ದರು. ಬ್ರೆಂಟ್ ಅವರಿಗೆ, "ನೀವು ಹೊರಗೆ ಆ ಟ್ರಕ್ಕಿನ ಪಕ್ಕ ನಿಂತ್ಕೊಳ್ತೀರಾ ಸರ್? ಕೈ ಕಟ್ಕೊಂಡು, ಸ್ವಲ್ಪ ಗಂಭೀರವಾಗಿ" ಅಂದ.

"ಅದು ಪಕ್ಕದ್ಮನೆಯವರ ಟ್ರಕ್ಕಪ್ಪಾ. ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದೋನು, ಬೇಕಾದ್ರೆ ಬೋರ್ಡ್ ಪಕ್ಕ ನಿಲ್ತೀನಿ" ಅಂದರು ಅಪ್ಪ. ಆದರೂ ಹೋಗಿ ನಿಂತರು, ಪಾಪ. ಬೇಲಿಯಾಚೆಯಿಂದ ಎರ್ಮಿನಿಯಾ, "ಏನ್ರೀ ಮೇಷ್ಟ್ರೇ, ನನ್ ಟ್ರಕ್ ಕದಿಯೋಕೆ ಬಂದ್ರಾ? ತಗೊಂಡೋಗಿ, ಹೆಂಗೂ ಸ್ಟಾರ್ಟ್ ಆಗಲ್ಲ" ಎಂದು ಕೂಗಿದಳು. ಕ್ಯಾಮೆರಾದ ಹುಡುಗಿ ಬಿದ್ದು ಬಿದ್ದು ನಕ್ಕಳು. ಬ್ರೆಂಟ್ "ಇದು ಬೇಡ" ಅಂದ.

ದೇಶದ ಗಡಿ ದಾಟಿ ಬಂದ ದಿನ ನೆನಪಿದೆಯಾ ಎಂದು ಕೇಳಿದ. "ನಮ್ಮಜ್ಜಿ ಹುಟ್ಟಿದ್ದೇ ಇಲ್ಲಿಂದ ಮೂರು ಬೀದಿ ಆಚೆ. ನಾನು ದಾಟಿರೋದು ರೈಲ್ವೆ ಗೇಟು, ಅಷ್ಟೆ" ಅಂದೆ. ದಾಟಿ ಬಂದವರ ಬಗ್ಗೆ ನನಗೆ ಹಗುರ ಮಾತಿಲ್ಲ, ಎರ್ಮಿನಿಯಾ ದಾಟಿ ಬಂದವಳೇ. ಆದರೆ ನನ್ನದಲ್ಲದ ಕಷ್ಟವನ್ನು ನಾನು ಎಲ್ಲಿಂದ ತರಲಿ?

ಕೊನೆಗೆ ನಿನ್ನ ಅಜ್ಜನ ಮಾತು ತೆಗೆದ. "ಹೊಲದಲ್ಲಿ ದುಡಿದು ದುಡಿದೇ ತೀರಿಕೊಂಡ್ರಂತಲ್ಲ?" ಅಂದ.

"ಇಲ್ಲಪ್ಪ, ನಮ್ಮಪ್ಪ ಅಂಚೆಯವರು. ತೀರಿಕೊಂಡಿದ್ದು ಬೌಲಿಂಗ್ ಕ್ಲಬ್ಬಲ್ಲಿ, ಚೆಂಡು ಉರುಳಿಸಿ ಪಿನ್ ಬೀಳಿಸ್ತಾ. ಅವರ ಜೀವಮಾನದಲ್ಲೇ ಆವತ್ತಿನಷ್ಟು ಸ್ಕೋರ್ ಬಂದಿರಲಿಲ್ಲ" ಅಂದೆ. ನಗುತ್ತಲೇ ಹೇಳಲು ಹೊರಟಿದ್ದೆ. ಸ್ಕೋರ್ ಎಷ್ಟೆಂದು ಹೇಳುವ ಮೊದಲೇ ಅತ್ತುಬಿಟ್ಟೆ. ಕ್ಯಾಮೆರಾ ಹತ್ತಿರ ಬಂತು. ಬ್ರೆಂಟ್ ಕೈಯಲ್ಲಿದ್ದ ಹಾಳೆಗೆ ಏನೋ ಗುರುತು ಹಾಕಿ ಅಲ್ಲೇ ಇಟ್ಟು, ನನಗೆ ನೀರು ತರಲು ಎದ್ದ.

ಆ ಹಾಳೆಯನ್ನು ಓದಿದೆ. ಪ್ರಶ್ನೆಗಳೆಲ್ಲ ಟೈಪಾಗಿದ್ದವು. ಅಂಚಿನಲ್ಲಿ ಪೆನ್ನಿನಿಂದ ಒಂದು ಸಾಲಿತ್ತು: "ಅಜ್ಜನ ಹೆಸರೆತ್ತಿದರೆ ಅಮ್ಮ ಅಳುತ್ತಾಳೆ. ಕೊನೆಗೆ ಇಟ್ಟುಕೊಳ್ಳಿ."

ಅಕ್ಷರ ನಿನ್ನದು. ನಿನಗೆ ಅಕ್ಷರ ತಿದ್ದಿಸಿದವಳೇ ನಾನು, ಬೇರೆ ಯಾರದೋ ಇರಬೇಕೆಂದುಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಹೊಲದ ಮಾತಂತೂ ನಿನ್ನದಿರಲಾರದು ಅಂದುಕೊಂಡಿದ್ದೇನೆ.

ಬ್ರೆಂಟ್ ಸಹಿ ಕೇಳಿದಾಗ ಹಾಕಲ್ಲ ಅಂದೆ. "ಈ ಭಾಗ ಹೋದ್ರೆ ಕಾರ್ಯಕ್ರಮದಲ್ಲಿ ನೊಯೆಮಿ ಹೆಸರೂ ಇರಲ್ಲ ಮೇಡಂ, ಯೋಚ್ನೆ ಮಾಡಿ" ಅಂದ. ಯೋಚನೆ ಮಾಡಿದೆ. ನಾಲ್ಕು ವರ್ಷ ಬೇರೆಯವರಿಗೆ ಕಾಫಿ ತಂದುಕೊಡುತ್ತ ಈ ಅವಕಾಶಕ್ಕೆ ನೀನು ಕಾದದ್ದು ನನಗೆ ಗೊತ್ತು. ಆದರೂ ಹಾಕಲಿಲ್ಲ. ಗ್ಯಾರೇಜಿಗೆ ಹೋಗಿ ಬಟ್ಟೆ ಸರಿಸಿ, ಟ್ಯೂಬಾದ ಹೊಟ್ಟೆಗೆ ಬಿದ್ದ ತಗ್ಗು ತೆಗೆಯಲು ಕೂತೆ. ಅವರು ಹೋದರು.

ಶನಿವಾರ ಎಂಟು ವಾದ್ಯಗಳೂ ಚೆನ್ನಾಗಿ ನುಡಿದವು. ನಮ್ಮ ಶಾಲೆಗೆ ಎರಡನೇ ಸ್ಥಾನ. ಎರ್ಮಿನಿಯಾ ಕೂಗಿ ಕೂಗಿ ದನಿ ಕಳೆದುಕೊಂಡಿದ್ದಾಳೆ, ಬೀದಿಗೆ ಸ್ವಲ್ಪ ನೆಮ್ಮದಿ.

ಈಗ ನನ್ನ ತೀರ್ಮಾನ ಕೇಳು. ನನಗೆ ಕೋಪವಿದೆ. ಆ ಕಾಗದಕ್ಕೆ ಸಹಿ ಹಾಕುವುದಿಲ್ಲ, ನೀನೇ ಬಂದು ಅತ್ತರೂ ಹಾಕುವುದಿಲ್ಲ. ಇಪ್ಪತ್ತಾರಕ್ಕೆ ಬ್ಯಾಂಡ್ ಸ್ಪರ್ಧೆಯ ಮುಂದಿನ ಸುತ್ತು. ಕ್ಯಾಮೆರಾ ಹಿಡಿದು ನೀನೇ ಬಾ. ಗ್ಯಾರೇಜಿನಲ್ಲಿ ಕೂತು ನಾನು ಕೆಲಸ ಮಾಡುವುದನ್ನು ನೋಡು, ಅಪ್ಪನನ್ನು ಒಲೆಯ ಮುಂದೆಯೇ ಬಿಡು. ಅಜ್ಜನ ಬಗ್ಗೆಯೂ ಕೇಳು. ಅಳು ಬಂದರೆ ಅಳುತ್ತೇನೆ; ಆದರೆ ಸ್ಕೋರ್ ಹೇಳಿ ಮುಗಿಸುವ ತನಕ ಕ್ಯಾಮೆರಾ ನಿಲ್ಲಿಸಬೇಡ. ನಿಮ್ಮವರಿಗೆ ಅದು ಬೇಡವಾದರೆ ಶಾಲೆಯ ಸಭಾಂಗಣದಲ್ಲಿ ತೋರಿಸೋಣ. ಅದಕ್ಕಾದರೆ ಹೇಳಿದ ಕಡೆಯೆಲ್ಲ ಸಹಿ ಹಾಕುತ್ತೇನೆ.

ಕೆಲಸದ ಗಡಿಬಿಡಿಯಲ್ಲಿ ಊಟ ಬಿಡಬೇಡ.

ನಿನ್ನ ಅಮ್ಮ,
ಎವಾಂಜೆಲಿನಾ

ಮತ್ತೆ: ಅಂಚಿನ ಆ ಸಾಲು ಯಾರದೆಂದು ಅಪ್ಪನಿಗೆ ಹೇಳಿಲ್ಲ. ನಿನ್ನೆ ಚರ್ಚಿನ ಅಂಗಳದಲ್ಲಿ ಎಲ್ಲರೆದುರು, "ನನ್ ಮಗಳು ಅಲ್ಲಿದ್ದಿದ್ರೆ ಅವನಿಗೆ ಹೀಗ್ ಮಾಡೋಕೆ ಬಿಡ್ತಾನೇ ಇರ್ಲಿಲ್ಲ" ಅಂದರು. ನಾನು ಹೂಂ ಅಂದೆ. ಮದುವೆಯಾದ ಮೇಲೆ ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಎರಡನೆಯದು ನನ್ನಿಂದಾಗದು. ನೀನೇ ಬಂದು ಹೇಳು.